ದಾದಾನ ಜರ್ಮನ್ ಹುಲಿನಾಯಿ

ಕಾರವಾರ ತಾಲೂಕಿನಲ್ಲಿ ಜರ್ಮನ್ ಭಾಷೆ ಆಡುವ ಮನುಷ್ಯ ಒಬ್ಬನೇ ಒಬ್ಬ. ಅವನು ನಮ್ಮ ದಾದಾ! ಸಂಶಯ ಇದ್ದವರು ಅವನ ಊರು ಕಿನ್ನರಕ್ಕೆ ಹೋಗಿ ಯಾರನ್ನು ಬೇಕಾದರೂ ಕೇಳಿ ನೋಡಿ. ಆದರೆ ಒಂದು ಮಾತು. ಅವನ ಜೊತೆ ಜರ್ಮನ್‌ನಲ್ಲಿ ಮಾತಾಡಬೇಕಾದರೆ ನಿಮಗೆ ನಾಲ್ಕು ಕಾಲಿರಬೇಕು, ಹಿಂದೆ ಒಂದು ಬಾಲವೂ ಇರಬೇಕು. ಎರಡು ಕಾಲಿನವರ ಜೊತೆ ಅವನದ್ದು ಬರೀ ಕೊಂಕಣಿ, ಅದೂ ಮನಸ್ಸು ಬಂದರೆ.

ದಾದಾ ಅಂದರೆ ನನ್ನ ಅಣ್ಣ. ನಮ್ಮ ಕೊಂಕಣಿ ಮನೆಗಳಲ್ಲಿ ಅಣ್ಣನನ್ನು ಹಾಗೆ ಕರೆಯುವುದು ರೂಢಿ. ಸಿನಿಮಾದ ದಾದಾ ಅಂದುಕೊಂಡು ಹೆದರಬೇಡಿ. ಆಸಾಮಿ ಆರಡಿ ಎತ್ತರ, ಐವತ್ತೈದು ಕಿಲೋ ತೂಕ. ಸಮುದ್ರದ ಗಾಳಿ ಜೋರಾಗಿ ಬಂದರೆ ಅವನೇ ಪಕ್ಕಕ್ಕೆ ಸರಿದು ಗಾಳಿಗೆ ದಾರಿ ಬಿಡುತ್ತಾನೆ.

ಇನ್ನು ನಾನು. ಅಂಕೋಲೆಯಲ್ಲಿ ಬ್ಲೌಸ್ ಹೊಲಿಯುವವಳು. ಬರೆಯುವುದು ನನ್ನ ಕಸುಬಲ್ಲ. ಐದನೇ ತರಗತಿಯಲ್ಲಿ ಇಂಗ್ಲಿಷ್ ಎಬಿಸಿಡಿ ಮುಗಿಯುವಷ್ಟರಲ್ಲಿ ನನ್ನ ಶಾಲೆಯೂ ಮುಗಿಯಿತು. ಆಯಿ, ಅಂದರೆ ಅಮ್ಮ, ಹಾಸಿಗೆ ಹಿಡಿದಳು, ಒಲೆಯ ಮುಂದೆ ಕೂರಲು ಮನೆಯಲ್ಲಿ ಒಬ್ಬರು ಬೇಕಾಯಿತು. ದಾದಾ ಶಾಲೆಗೆ ಹೋದ, ನಾನು ಒಲೆಗೆ ಹೋದೆ. ಆ ಶಾಲೆಯಿಂದ ಅವನು ಮನೆಗೆ ತಂದದ್ದು ಏನು ಗೊತ್ತೇ? ಎರಡು ಸಲ ನಪಾಸಾದ ಹತ್ತನೇ ತರಗತಿ!

ಇಷ್ಟು ಕಲಿತವಳು ಪೆನ್ನು ಹಿಡಿದದ್ದಕ್ಕೆ ಕಾರಣ ಇದೆ. ದಾದಾನ ತಲೆಯ ಮೇಲೆ ಒಂದು ಸುಳ್ಳು ಕೂತಿದೆ. ಹುಲಿ ಹಿಡಿಯುವ ನಾಯಿ ಇದೆ ಅಂತ ಹೇಳಿ ಊರಿಗೆಲ್ಲ ಟೊಪ್ಪಿ ಹಾಕಿದವ ಅಂತ ಅವನಿಗೆ ಹೆಸರು ಬಂದಿದೆ. ಆ ಸುಳ್ಳು ಅವನದ್ದಲ್ಲ. ಯಾರದ್ದು ಅಂತ ಹೇಳಬೇಕಾದವಳು ಎರಡು ವರ್ಷ ಬಾಯಿಗೆ ಹುಕ್ಕು ಹಾಕಿಕೊಂಡು ಕೂತಿದ್ದಳು. ಹುಕ್ಕು ಬಿಚ್ಚುತ್ತೇನೆ. ಆದರೆ ಮೊದಲು ನಾಯಿ.

ದಾದಾ ಡ್ರೈವರ್. ಕಾರವಾರದ ಬಂದರಿನಲ್ಲಿ ಯಂತ್ರ ಜೋಡಿಸಲು ಬಂದಿದ್ದ ಒಬ್ಬ ಜರ್ಮನ್ ಎಂಜಿನಿಯರ್ ಸಾಹೇಬರ ಕಾರು ಓಡಿಸುತ್ತಿದ್ದ. ಸಾಹೇಬರಿಗೆ ಒಬ್ಬರು ಮೇಡಂ, ಮೇಡಮ್ಮಿಗೆ ಒಂದು ನಾಯಿ. ಕಂದು ಬಣ್ಣ, ಅಲೆಅಲೆಯಾದ ಉದ್ದ ಕೂದಲು, ಎರಡು ಕಡೆ ಜೋತುಬಿದ್ದ ಕಿವಿ. ಹಿಂದಿನಿಂದ ನೋಡಿದರೆ ಯಾರೋ ಹೆಂಗಸು ತಲೆಗೆ ಸ್ನಾನ ಮಾಡಿ ಕೂದಲು ಒಣಗಿಸುತ್ತಾ ಕೂತ ಹಾಗೆ ಕಾಣುತ್ತಿತ್ತು. ಜರ್ಮನಿಯ ಕಾಡಿನಲ್ಲಿ ಬೇಟೆಗೆ ಬಳಸುವ ಜಾತಿಯಂತೆ. ವಾಸನೆ ಹಿಡಿಯುವುದು, ಪೊದೆಗೆ ನುಗ್ಗುವುದು, ಜಾಡಿನ ಮೇಲೆ ಬೊಗಳುತ್ತಾ ಓಡುವುದು, ನೀರಿಗೆ ಹಾರುವುದು, ಬಿದ್ದದ್ದನ್ನು ಹೆಕ್ಕಿ ತಂದು ಯಜಮಾನನ ಕೈಗೆ ಕೊಡುವುದು, ಹೀಗೆ ಎಲ್ಲ ವಿದ್ಯೆಯೂ ಕಲಿತದ್ದು. ನಮ್ಮಲ್ಲಿ ಬೇಟೆಗೆ ಕಾನೂನು ಬಿಡುವುದಿಲ್ಲ. ಅಷ್ಟೆಲ್ಲ ಡಿಗ್ರಿ ಇದ್ದು ಕೆಲಸ ಸಿಗದೆ ಮನೆಯಲ್ಲಿ ಕೂತ ಹಾಗಾಯಿತು ಪಾಪ!

ನಾಲ್ಕು ವರ್ಷ ಕಳೆದು ಸಾಹೇಬರಿಗೆ ಯಾವುದೋ ಮರುಭೂಮಿಯ ದೇಶಕ್ಕೆ ವರ್ಗವಾಯಿತು. ಆ ಬಿಸಿಲಿಗೆ ನಾಯಿ ಬದುಕುವುದಿಲ್ಲ ಅಂತ ಮೇಡಂ ಅತ್ತುಬಿಟ್ಟರಂತೆ. ದಾದಾನೂ ಅತ್ತ. ಯಾರ ಅಳು ಜಾಸ್ತಿಯಾಯಿತೋ ಅವರಿಗೆ ನಾಯಿ ಅಂತ ತೀರ್ಮಾನವಾಗಿರಬೇಕು. ಒಂದು ಬೆಳಿಗ್ಗೆ ಅವನು ಹಗ್ಗ ಹಿಡಿದುಕೊಂಡು ಕಿನ್ನರದ ಮನೆಯಂಗಳಕ್ಕೆ ಬಂದು ನಿಂತ.

ನಾಯಿಯ ಹೆಸರು ಫ್ರಿಟ್ಸ್. ಅತ್ತಿಗೆಯ, ಅಂದರೆ ನಮ್ಮ ವಯನಿಯ ನಾಲಿಗೆಗೆ ಅದು ಹತ್ತಲಿಲ್ಲ. ಅವಳು ಮೊದಲ ದಿನವೇ ಅದನ್ನು ಫ್ರಿಜ್ ಮಾಡಿದಳು. ಅಲ್ಲಿಂದ ಮುಂದೆ ಆ ಮನೆಯ ಮಾತು ಹೊರಗಿನವರಿಗೆ ತಿಳಿಯುವುದು ನಿಂತುಹೋಯಿತು. "ಫ್ರಿಜ್ ಎಲ್ಲಿ?" "ಬಾವಿಕಟ್ಟೆ ಹತ್ತಿರ ಮಲಗಿದೆ." "ಫ್ರಿಜ್‌ಗೆ ಊಟ ಹಾಕಿದ್ರಾ?" "ಪಕ್ಕದ ಮನೆಯವರ ಚಪ್ಪಲಿ ಎಲ್ಲಿ?" "ಫ್ರಿಜ್ ತಂದಿದೆ ನೋಡಿ." ಕರೆಂಟ್ ಬಿಲ್ಲು ಬರೆಯಲು ಬಂದವನು ಇದನ್ನೆಲ್ಲ ಕೇಳುತ್ತಾ ಮೀಟರನ್ನು ಎರಡು ಸಲ ನೋಡಿದನಂತೆ!

ಫ್ರಿಜ್‌ಗೆ ಮನುಷ್ಯರ ಭಾಷೆಗಳಲ್ಲಿ ಬರುತ್ತಿದ್ದದ್ದು ಜರ್ಮನ್ ಒಂದೇ. ಹಾಗಾಗಿ ದಾದಾ ಮೇಡಂ ಹತ್ತಿರ ಆರೇಳು ಶಬ್ದ ಬಾಯಿಪಾಠ ಮಾಡಿಕೊಂಡಿದ್ದ. ಕೂರು ಅನ್ನಲು 'ಜಿಟ್ಸ್'. ಬಾಯಿಯಲ್ಲಿದ್ದದ್ದು ಬಿಡು ಅನ್ನಲು 'ಔಸ್'. ಮಲಗು ಅನ್ನಲು 'ಪ್ಲಾಟ್ಸ್'. ಒಮ್ಮೆ ನಾಯಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಂಕೋಲೆಗೆ ನಮ್ಮ ಮನೆಗೆ ಬಂದ. ಹೆದ್ದಾರಿ ಬದಿಗೆ ಸ್ಕೂಟರ್ ನಿಲ್ಲಿಸಿದಾಗ ನಾಯಿ ರಸ್ತೆಗೆ ಹಾರಲು ನೋಡಿತು. ಇವನು ಗಂಟಲು ಹರಿಯುವ ಹಾಗೆ, "ಪ್ಲಾಟ್ಸ್! ಪ್ಲಾಟ್ಸ್!" ಅಂತ ಕೂಗಿದ. ನಾಯಿ ಮಲಗಿತು. ಆದರೆ ಚಾ ಅಂಗಡಿಯಿಂದ ಒಬ್ಬ ಅರ್ಧ ಚಾ ಬಿಟ್ಟು ಓಡಿಬಂದ.

"ಎಷ್ಟು ಗುಂಟೆಯದ್ದು ಅಣ್ಣಾ? ರೋಡಿಗೆ ತಾಗಿ ಇದೆಯಾ?"

"ಇದು ಮಲಗೂಕೆ ಹೇಳೂ ಪ್ಲಾಟ್ಸ್ ಮಾರಾಯಾ."

"ಮನೆ ಕಟ್ಟುವ ಸೈಟೇ ಅಂದ್ಕೊಳ್ಳಿ! ಪಾರ್ಟಿ ನನ್ನ ಹತ್ತಿರ ಇದೆ!"

ಅವನನ್ನು ಕಳಿಸಲು ನಾನೇ ಹೊರಗೆ ಬರಬೇಕಾಯಿತು.

ಆ ದಿನವೇ ದಾದಾ ಕಿಸೆಯಿಂದ ಒಂದು ಚೀಟಿ ತೆಗೆದ. ನಾಯಿಯ ಜಾತಿಯ ಹೆಸರನ್ನು ಮೇಡಂ ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದರು. ನಾನು ಹೊಲಿಗೆ ಯಂತ್ರ ನಿಲ್ಲಿಸಿ, ಸೀರೆಗೆ ಕೈ ಒರೆಸಿಕೊಂಡು, ಚೀಟಿಯನ್ನು ಬೆಳಕಿಗೆ ಹಿಡಿದೆ. ನನಗೆ ಎಬಿಸಿಡಿ ಬರುತ್ತದಲ್ಲ! ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. "ವಾಚ್... ತೇಲ್... ಹುಂಡ್." ವಾಚು ಗೊತ್ತು, ತೇಲ್ ಅಂದರೆ ಎಣ್ಣೆ. ಗಡಿಯಾರದ ಎಣ್ಣೆಗೂ ನಾಯಿಗೂ ಏನು ಸಂಬಂಧ?

"ಮೇಡಂ ಇದನ್ನ ಹೇಗೆ ಹೇಳ್ತಿದ್ದಳು ದಾದಾ?"

"ವಾಖ್ತೆಲ್‌ಹುಂಟ್ ಅಂತಿದ್ದಳು. ವಾಖ್ ಅಂತ ಗಂಟಲಿಂದ."

ಆಗ ನನಗೆ ಜ್ಞಾನೋದಯವಾಯಿತು ನೋಡಿ! ಕೊಂಕಣಿಯಲ್ಲಿ ಹುಲಿಗೆ ವಾಘ್ ಅನ್ನುತ್ತೇವೆ. ವಾಖ್ ಅಂದರೆ ವಾಘ್ ಅಲ್ಲದೆ ಮತ್ತೇನು? ಬಿಳಿಯರ ಗಂಟಲಲ್ಲಿ ಘಕಾರ ಹೊರಳುವುದಿಲ್ಲ, ಅಷ್ಟೇ. "ದಾದಾ, ಇದು ವಾಘನಾಯಿ! ಹುಲಿ ಹಿಡಿಯುವ ನಾಯಿ!" ಅಂದೆ. ದಾದಾ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿದ. ಚೀಟಿಯ ಮೇಲಿದ್ದ ನನ್ನ ಬೆರಳು ನೋಡಿದ. ಮತ್ತೆ ಬಾಯಿ ಮುಚ್ಚಿ, "ಹೌದಾ? ಇರಬಹುದು ಗೋ ಬಾಯ" ಅಂದ. ಬಾಯ ಅಂದರೆ ತಂಗಿ, ಅವನು ನನ್ನನ್ನು ಕರೆಯುವುದೇ ಹಾಗೆ.

ಇರಬಹುದು ಅಂದದ್ದನ್ನು ಇದೆ ಅಂತ ಮಾಡಲು ನನಗೆಷ್ಟು ಹೊತ್ತು ಬೇಕು? ಮಾವಿನ ಕಾಲ ಅದು. ಅಂಕೋಲೆ ಪೇಟೆಯಲ್ಲಿ ರಸ್ತೆ ಬದಿಗೆ ಹೆಂಗಸರು ಇಶಾಡ ಮಾವಿನ ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ದಾದಾ ಚಾ ಕುಡಿಯುತ್ತಿದ್ದಾಗ ನಾನೇ ಹಗ್ಗ ಹಿಡಿದುಕೊಂಡು ಆ ಸಾಲಿನ ಮುಂದೆ ಒಂದು ಮೆರವಣಿಗೆ ಹೋದೆ.

"ಎಂತದೇ ಇದು? ಕರಡಿ ಮರಿಯಾ?" ಅಂತ ಒಬ್ಬಳು ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹುಲಿನಾಯಿ. ಜರ್ಮನಿದು. ನನ್ನ ಅಣ್ಣಂದು."

"ಹುಲಿ ತಿಂತದಾ?"

"ತಿಂತದೋ ಬಿಡ್ತದೋ, ಹುಲಿಯಂತೂ ಇದನ್ನ ಕಂಡ್ರೆ ಊರು ಬಿಡ್ತದೆ!"

ಸಂಜೆಯಷ್ಟರಲ್ಲಿ ಫ್ರಿಜ್ ಜರ್ಮನಿಯಲ್ಲಿ ಏಳು ಹುಲಿ ಹಿಡಿದಿತ್ತು. ಮರುದಿನ ಬ್ಲೌಸ್ ಒಯ್ಯಲು ಬಂದವಳೊಬ್ಬಳು ಹನ್ನೊಂದು ಅಂದಳು. ನಾನು ತಿದ್ದಲಿಲ್ಲ. ಜರ್ಮನಿಯಲ್ಲಿ ಹುಲಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು?

ನಗಬೇಡಿ, ನನಗೆ ಅದರ ಅವಶ್ಯಕತೆ ಇತ್ತು. ನನ್ನ ಗಂಡನ ಮೂಲ ಮನೆ ಹಿಲ್ಲೂರು, ಕಾಡಿಗೆ ತಾಗಿದ ಊರು. ಅಲ್ಲಿ ಅತ್ತೆ, ಅವರ ಮೂರು ಗಂಡುಮಕ್ಕಳು, ನಾವು ಮೂವರು ಸೊಸೆಯಂದಿರು. ದೊಡ್ಡವಳ ತವರಿನಲ್ಲಿ ಟ್ರ್ಯಾಕ್ಟರ್ ಇದೆ. ಕಿರಿಯವಳ ತಮ್ಮ ಬ್ಯಾಂಕಿನಲ್ಲಿದ್ದಾನೆ. ನನ್ನ ತವರಿನ ಮಾತು ಬಂದರೆ ಅತ್ತೆ, "ಇವಳ ಅಣ್ಣ ಡ್ರೈವರ್" ಅಂತ ಹೇಳಿ ಮಾತು ಬದಲಿಸುತ್ತಿದ್ದರು. ಹುಲಿನಾಯಿ ಬಂದ ಮೇಲೆ ನೋಡಿ! ಹಬ್ಬಕ್ಕೆ ಹೋದಾಗ ಟ್ರ್ಯಾಕ್ಟರ್ ಮೂಲೆ ಸೇರಿತು, ಬ್ಯಾಂಕು ಬಾಗಿಲು ಮುಚ್ಚಿತು. ಎಲ್ಲರೂ ನನ್ನ ಸುತ್ತ.

ಇಷ್ಟೆಲ್ಲ ಕೀರ್ತಿ ಹೊತ್ತ ನಾಯಿ ಮಾಡುತ್ತಿದ್ದ ಕೆಲಸ ಒಂದೇ. ತರುವುದು. ಎಲ್ಲಿ ಏನು ಬಿದ್ದಿದ್ದರೂ ತಂದು ದಾದಾನ ಕೈಗೆ ಒಪ್ಪಿಸುವುದು. ಒಣಗಲು ಹಾಕಿದ ಬಂಗಡೆ ಮೀನು ತರುತ್ತಿತ್ತು, ಒಂದಕ್ಕೂ ಹಲ್ಲು ತಾಗಿಸುತ್ತಿರಲಿಲ್ಲ. ಕೋಳಿಮೊಟ್ಟೆ ತಂದರೂ ಬಿರುಕು ಬಿಡುತ್ತಿರಲಿಲ್ಲ. ಒಂದು ವರ್ಷ ನಾರಳಿ ಹುಣ್ಣಿಮೆಯ ದಿನ ದಾದಾ ಅದನ್ನು ಕಾರವಾರದ ಕಡಲಿಗೆ ಕರೆದುಕೊಂಡು ಹೋದ. ಅಂದು ಮೀನುಗಾರರು ಪೂಜೆ ಮಾಡಿ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ನಂತರವೇ ದೋಣಿ ಇಳಿಯುವುದು. ದೋಣಿಯ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೈಮುಗಿದು ಕಾಯಿ ಎಸೆದರು. ಕಣ್ಣು ತೆರೆದಾಗ ಕಾಯಿ ಅವರ ಕಾಲ ಹತ್ತಿರ ಇತ್ತು. ಜುಟ್ಟು ಕಚ್ಚಿಕೊಂಡು ತಂದಿಟ್ಟು ಫ್ರಿಜ್ ಬಾಲ ಆಡಿಸುತ್ತಾ ನಿಂತಿತ್ತು. ಇನ್ನೊಬ್ಬರು ಎಸೆದರು. ಅದೂ ಬಂತು. ಮೂರನೆಯದು, ನಾಲ್ಕನೆಯದು!

ದಾದಾ ನಾಚಿಕೊಳ್ಳುವುದು ಬಿಟ್ಟು, "ನೋಡಿ, ಒಂದೂ ಒಡೆದಿಲ್ಲ!" ಅಂತ ಎಲ್ಲರಿಗೂ ತೋರಿಸುತ್ತಿದ್ದ.

"ನಾಯಿ ಕಟ್ಟು ಮಾರಾಯಾ," ಅಂದರಂತೆ ಆ ಹಿರಿಯರು, "ಇಲ್ಲದಿದ್ರೆ ಈ ವರ್ಷ ಇದಕ್ಕೇ ಪೂಜೆ ಮಾಡಿ ದೋಣಿ ಇಳಿಸ್ತೇವೆ."

ಇನ್ನು ಮಂಗಗಳ ಕತೆ. ಹುಲಿ ಹಿಡಿಯುವ ನಾಯಿಗೆ ಮಂಗ ಯಾವ ಲೆಕ್ಕ ಅಂತ ಒಬ್ಬರು ಮಾವಿನ ತೋಟ ಕಾಯಲು ಕೇಳಿದರು. ಮೊದಲ ದಿನ ಫ್ರಿಜ್ ಬೊಗಳಿದ ಹೊಡೆತಕ್ಕೆ ಮಂಗಗಳು ಮರದ ತುದಿ ಸೇರಿದವು. ಎರಡನೇ ದಿನ ಅವು ಸಿಟ್ಟಿನಿಂದ ಅರ್ಧ ತಿಂದ ಮಾವು ಎಸೆದವು. ಫ್ರಿಜ್ ಅದನ್ನು ಹೆಕ್ಕಿ ತಂದಿತು. ಮಂಗಗಳಿಗೂ ಆಟ ಹಿಡಿಸಿತು. ಸಂಜೆ ತೋಟದ ಯಜಮಾನರು ಬಂದು ನೋಡಿದರೆ ದಾದಾನ ಮುಂದೆ ಎಂಜಲು ಮಾವಿನ ರಾಶಿ!

"ಮಂಗ ಓಡಿಸೂಕೆ ಹೇಳಿದ್ರೆ ನೀವು ಮಂಗನ ಹತ್ತಿರ ಕೊಯ್ಲು ಮಾಡಿಸಿದ್ರಲ್ಲ!" ಅಂದರು ಯಜಮಾನರು.

ಬೇಸಿಗೆಯಲ್ಲಿ ನಾಯಿಯ ಸೇವೆ ನೋಡಲು ಎರಡು ಕಣ್ಣು ಸಾಲದು. ಆ ಕೂದಲಿಗೂ ನಮ್ಮ ಸೆಕೆಗೂ ಆಗಿಬರುವುದಿಲ್ಲ. ಮನೆಯ ಒಂದೇ ಟೇಬಲ್ ಫ್ಯಾನು ಫ್ರಿಜ್‌ನ ಕಡೆ ತಿರುಗಿರುತ್ತಿತ್ತು. ಕರೆಂಟ್ ಹೋದರೆ ದಾದಾ ಅಡಿಕೆ ಹಾಳೆಯ ಮುಟ್ಟಾಳೆ ಟೊಪ್ಪಿ ಹಿಡಿದು ಗಾಳಿ ಹಾಕುತ್ತಿದ್ದ. ವಯನಿ ಒಮ್ಮೆ ನನ್ನೆದುರೇ ಹೇಳಿದಳು, "ಇಪ್ಪತ್ತು ವರ್ಷ ಆಯ್ತು ಈ ಮನೆಗೆ ಬಂದು. ಒಂದು ದಿನ ನನಗೆ ಗಾಳಿ ಹಾಕಿದ್ದು ನೋಡಿದ್ಯಾ?" ದಾದಾ ತಲೆ ಎತ್ತದೆ, "ನೀನು ಬಾಲ ಆಡಿಸಿದ್ದನ್ನೂ ನಾನು ನೋಡಲಿಲ್ಲ" ಅಂದ. ಆ ರಾತ್ರಿ ಅವನಿಗೂ ಫ್ರಿಜ್‌ಗೂ ಒಂದೇ ತಟ್ಟೆಯಲ್ಲಿ ಗಂಜಿ!

ಹೀಗೆ ನಗುತ್ತಾ ನಡೆದದ್ದು ಹಿಲ್ಲೂರಿನಲ್ಲಿ ಬಂದು ಸಿಕ್ಕಿಕೊಂಡಿತು.

ಎರಡು ವರ್ಷದ ಹಿಂದೆ ಭತ್ತದ ಕೊಯ್ಲು ಮುಗಿದ ಹೊತ್ತು. ಅತ್ತೆಯ ಕೊಟ್ಟಿಗೆಯ ಹತ್ತಿರ ಕೆಸರಿನಲ್ಲಿ ದೊಡ್ಡ ಹೆಜ್ಜೆ ಕಂಡಿತು. ನಮ್ಮ ಕಡೆ ಚಿರತೆಗೂ ಹುಲಿ ಅಂತಲೇ ಅನ್ನುವುದು. ಊರೆಲ್ಲ ಗುಲ್ಲೆದ್ದಿತು. ಕಾಡಿನ ಗಾರ್ಡಿಗೆ ಹೇಳಿ ಕಳಿಸಿದ್ದರು, ಅವನು ಬರಲು ಎರಡು ದಿನ ಇತ್ತು. ಅತ್ತೆ ನನಗೆ ಫೋನ್ ಮಾಡಿದರು.

"ಏನೇ, ನಿನ್ನ ಅಣ್ಣನ ಹುಲಿನಾಯಿ ಬರೀ ಪೇಟೆಯಲ್ಲಿ ಮೆರೆಯೂಕೋ, ಕೆಲಸಕ್ಕೂ ಬರ್ತದೋ?"

"ಬರ್ತದೆ ಅತ್ತೇ! ನಾಳೆ ಬೆಳಿಗ್ಗೆಯೇ ಬರ್ತದೆ!"

ಆಮೇಲೆ ದಾದಾನಿಗೆ ಹೇಳಿದೆ.

"ಬೇಡ ಗೋ ಬಾಯ. ಚಿರತೆಗೆ ನಾಯಿ ಅಂದ್ರೆ ಜೀವ. ಮೊದಲು ಹಿಡಿಯೂದೇ ನಾಯೀನ."

"ಇದು ವಾಘನಾಯಿ ದಾದಾ! ನಾನು ಒಪ್ಪಿಕೊಂಡಾಯ್ತು. ನೀನು ಬರದಿದ್ರೆ ಆ ಮನೆಯಲ್ಲಿ ನಾನು ತಲೆ ಎತ್ತೂದು ಹೇಗೆ?"

ಮರುದಿನ ಬೆಳಿಗ್ಗೆ ಎಂಟಕ್ಕೆ ದಾದಾ ಹಿಲ್ಲೂರಿನ ಅಂಗಳದಲ್ಲಿದ್ದ. ಹಗ್ಗದ ಒಂದು ತುದಿ ನಾಯಿಯ ಕೊರಳಿಗೆ. ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿಯದೆ ತನ್ನ ಸೊಂಟಕ್ಕೆ ಮೂರು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದ. "ಇದೆಂತ ಭಾವಾ?" ಅಂತ ನನ್ನ ಮೈದುನ ಕೇಳಿದ.

"ಹುಲಿ ಇದನ್ನ ಎಳೀಬೇಕಾದ್ರೆ ನನ್ನನ್ನೂ ಎಳೀಬೇಕು. ಭಾರ ಆಗ್ತದೆ ಅಂತ ಬಿಟ್ಟು ಹೋಗ್ತದೆ."

ಎಲ್ಲರೂ ನಕ್ಕರು. ಐವತ್ತೈದು ಕಿಲೋದವನ ಭಾರ! ನಾನೂ ನಕ್ಕೆ. ಅವನು ಆ ಗಂಟನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದದ್ದು ನನಗೆ ಕಂಡಿತ್ತು. ಆದರೂ ನಕ್ಕೆ.

ಡಬ್ಬ, ಜಾಗಟೆ, ದೊಣ್ಣೆ ಹಿಡಿದುಕೊಂಡು ಇಪ್ಪತ್ತು ಜನ ಹಿಂದೆ ಹೊರಟರು. ಹೆಂಗಸರು ಗದ್ದೆಯ ಈ ಬದಿಗೆ ನಿಂತೆವು. ಫ್ರಿಜ್ ಕೊಯ್ದ ಗದ್ದೆಯಲ್ಲಿ ಮೂಗು ಊರಿ ಹೊರಟಿತು. ಕಾಡಿನ ಅಂಚಿನ ಹುಲ್ಲಿನ ಹತ್ತಿರ ಬಂದದ್ದೇ ತಡ, ಅದರ ಮೈ ಬಿಗಿಯಿತು, ಬಾಲ ಫ್ಯಾನಿನ ಹಾಗೆ ತಿರುಗಿತು, ಗಂಟೆ ಹೊಡೆದ ಹಾಗೆ ಬೊಗಳುತ್ತಾ ಒಳಗೆ ನುಗ್ಗಿತು. ಹಿಂದೆ ದಾದಾ, ಓಡುತ್ತಾ, ಬೀಳುತ್ತಾ, ಪೊದೆಯೊಳಗೆ ಮಾಯ! ಇಪ್ಪತ್ತು ಜನರಲ್ಲಿ ಎಷ್ಟು ಜನ ಅವನ ಹಿಂದೆ ಹೋದರು ಅಂತೀರಿ? ನನ್ನ ಮೈದುನ ಗೇರುಮರದ ಮೇಲಿದ್ದ. ನಮ್ಮ ಮನೆಯವರು ಅದೇ ಮರದ ಕೆಳಗಿನ ಕೊಂಬೆಯಲ್ಲಿ, ಮೇಲೆ ಜಾಗ ಸಾಲದೆ.

ಸ್ವಲ್ಪ ಹೊತ್ತಿಗೆ ಬೊಗಳುವುದು ನಿಂತಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಹುಲ್ಲು ಅಲುಗಿತು. ಮೊದಲು ಫ್ರಿಜ್ ಹೊರಗೆ ಬಂತು, ಹಿಂದಿನಿಂದ ಅಂಗಿ ಹರಿದ ದಾದಾ. ನಾಯಿಯ ಬಾಯಿಯಲ್ಲಿ ಏನೋ ಇತ್ತು. ಅದು ಬಯಲಿನ ನಡುವೆ ಬಂದು ಎಲ್ಲರ ಎದುರಿಗೆ ಕೂತು ಕತ್ತು ಎತ್ತಿತು. ದಾದಾ ಅಂಗೈ ಚಾಚಿ ಮೆಲ್ಲಗೆ, "ಔಸ್" ಅಂದ. ಫ್ರಿಜ್ ಅವನ ಕೈಯಲ್ಲಿ ಇಟ್ಟದ್ದು ಒಂದು ಲಾವುಗೆ! ಗದ್ದೆ ಬದಿಯ ಹುಲ್ಲಿನಲ್ಲಿ ಅಡಗಿರುವ, ಮುಷ್ಟಿಯಲ್ಲಿ ಹಿಡಿಸುವ ಆ ಕಂದು ಹಕ್ಕಿ. ಒಂದು ಗರಿಯೂ ಉದುರಿರಲಿಲ್ಲ. ಅದು ಎರಡು ಕ್ಷಣ ದಾದಾನ ಅಂಗೈಯಲ್ಲಿ ಕೂತು ಎಲ್ಲರನ್ನೂ ನೋಡಿ, ಬುರ್ರನೆ ಹಾರಿಹೋಯಿತು.

ಗೇರುಮರ ಮೊದಲು ನಕ್ಕಿತು. ಆಮೇಲೆ ಇಡೀ ಗದ್ದೆ.

"ನಿಮ್ಮ ಹುಲಿಗೆ ರೆಕ್ಕೆ ಇತ್ತಲ್ಲವೋ!" ಅಂತ ಅತ್ತೆ. ಆಮೇಲೆ ಅವರ ನಗು ನಿಂತಿತು. ಬೆಳಿಗ್ಗೆಯಿಂದ ಊರಿಡೀ ಕೆಲಸ ಬಿಟ್ಟು ಅವರ ಮಾತಿಗೆ ಬಂದಿತ್ತು. "ಹುಲಿನಾಯಿ ಅಂತ ನಮಗೆ ಹೇಳಿದ್ದು ಯಾರು?"

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ದೊಡ್ಡ ಸೊಸೆ, ಕಿರಿಯ ಸೊಸೆ, ಎಲ್ಲರೂ. ನಾನು ಬಾಯಿ ತೆರೆಯುವ ಮೊದಲೇ ದಾದಾ ಮುಂದೆ ಬಂದ.

"ನಾನೇ ಅಮ್ಮಾ. ತಂಗಿಗೆ ಏನೂ ಗೊತ್ತಿಲ್ಲ. ನಾನು ಬಡಾಯಿ ಕೊಚ್ಚಿದ್ದು, ಅವಳು ನಂಬಿದ್ದು. ಅವಳಿಗೆ ಏನೂ ಅನ್ನಬೇಡಿ."

"ತಂಗಿ ಕೊಟ್ಟ ಮನೆಗೆ ಹೀಂಗೆ ಸುಳ್ಳು ಹೇಳೂದಾ? ನಾಚಿಕೆ ಆಗೂದಿಲ್ಲವನಾ ನಿಂಗೆ?"

"ಆಗ್ತದೆ" ಅಂದ ದಾದಾ, ಸೊಂಟದ ಗಂಟು ಬಿಚ್ಚುತ್ತಾ.

ನಾನೇನು ಮಾಡಿದೆ? ಕಾಲಿನ ಉಂಗುರ ನೋಡುತ್ತಾ ನಿಂತೆ. ಇದೇ ನನ್ನ ತಪ್ಪು. ಹೇಳಲು ಅರ್ಧ ನಿಮಿಷ ಸಾಕಿತ್ತು, ಹೇಳಲಿಲ್ಲ. ಗಾರ್ಡ್ ಬಂದು ಹೆಜ್ಜೆ ನೋಡಿ, ಅದು ಅತ್ತೆಯವರದೇ ಕರಿನಾಯಿಯದ್ದು, ಕೆಸರಿನಲ್ಲಿ ಜಾರಿ ದೊಡ್ಡದಾಗಿದೆ ಅಂದ. ಆ ಮಾತು ಎರಡು ದಿನದಲ್ಲಿ ಎಲ್ಲರಿಗೂ ಮರೆತುಹೋಯಿತು. ದಾದಾನ ಸುಳ್ಳು ಮಾತ್ರ ಯಾರಿಗೂ ಮರೆಯಲಿಲ್ಲ. ಮರುವರ್ಷ ಹಿಲ್ಲೂರಿನ ಮನೆಯ ಒಂದು ಮದುವೆಯಲ್ಲಿ ದಾದಾ ಊಟಕ್ಕೆ ಕೂತಾಗ ಯಾರೋ ಅವನ ಬಾಳೆಎಲೆಯ ಮೇಲೆ ಒಂದು ಹಕ್ಕಿಯ ಗರಿ ಇಟ್ಟರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ದಾದಾನೂ ನಕ್ಕ, ಗರಿ ಎತ್ತಿ ಕಿವಿಯ ಮೇಲೆ ಸಿಕ್ಕಿಸಿಕೊಂಡು ಉಂಡ. ಆಮೇಲೆ ಅವನು ಹಿಲ್ಲೂರಿಗೆ ಬಂದದ್ದಿಲ್ಲ. ಕರೆದರೆ, "ಕೆಲಸ ಇದೆ ಗೋ" ಅನ್ನುತ್ತಿದ್ದ.

ಕಳೆದ ತಿಂಗಳು ವಯನಿಯ ಬ್ಲೌಸಿನ ಅಳತೆಗೆ ಕಿನ್ನರಕ್ಕೆ ಹೋಗಿದ್ದೆ. ಆಗ ಜರ್ಮನ್ ಮೇಡಂನ ವೀಡಿಯೊ ಕಾಲ್ ಬಂತು. ವರ್ಷಕ್ಕೊಮ್ಮೆ ನಾಯಿಯ ಹುಟ್ಟಿದ ದಿನಕ್ಕೆ ಫೋನ್ ಮಾಡುತ್ತಾರಂತೆ. ದಾದಾ ಫೋನನ್ನು ತುಳಸಿಕಟ್ಟೆಗೆ ಆನಿಸಿಟ್ಟು ಫ್ರಿಜ್‌ನನ್ನು ಮುಂದೆ ಕೂರಿಸಿದ. ಮೇಡಂ ಅದನ್ನು ನೋಡಿ ಕಣ್ಣೊರೆಸಿಕೊಂಡರು. ಆಮೇಲೆ ನಗುತ್ತಾ ಎರಡೂ ಮೊಣಕೈ ಮಡಚಿ ರೆಕ್ಕೆಯ ಹಾಗೆ ಪಟಪಟ ಬಡಿದು, "ವಾಖ್ತೆಲ್! ವಾಖ್ತೆಲ್!" ಅಂದರು. ಈ ಕಡೆ ನಮ್ಮ ಆರಡಿಯ ದಾದಾನೂ ಮೊಣಕೈ ಮಡಚಿ ಪಟಪಟ ಬಡಿಯುತ್ತಾ ಅಂಗಳದಲ್ಲಿ ಒಂದು ಸುತ್ತು ಹಾಕಿದ!

ವಯನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನಾಯಿ ಕೊಟ್ಟ ದಿನದಿಂದಲೂ ಇವರಿಬ್ಬರದ್ದು ಇದೇ ಹುಚ್ಚು" ಅಂದಳು.

ನನ್ನ ಕೈಯಿಂದ ಟೇಪು ಬಿತ್ತು. ಫ್ರಿಜ್ ಹೆಕ್ಕಿ ತಂದು ಕೊಟ್ಟಿತು. ಫೋನ್ ಮುಗಿದ ಮೇಲೆ ನಾನು ದಾದಾನ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ವಾಖ್ತೆಲ್ ಅಂದ್ರೆ ಏನು ದಾದಾ?"

"ಲಾವುಗೆ. ಹಕ್ಕಿ ಹಿಡಿಯೂ ನಾಯಿ ಇದು."

"ನಿಂಗೆ ಮೊದಲೇ ಗೊತ್ತಿತ್ತಾ?"

"ಮೇಡಂ ರೆಕ್ಕೆ ಬಡಿದು ತೋರಿಸಿದ ಮೇಲೆ ಗೊತ್ತಾಗದೆ ಏನು?"

"ಮತ್ತೆ ನಾನು ಹುಲಿ ಅಂದಾಗ ಯಾಕೆ ಹೇಳಲಿಲ್ಲ?"

ಅವನು ಫ್ರಿಜ್‌ನ ಕಿವಿಯ ಕೂದಲಿಗೆ ಅಂಟಿದ ಹುಲ್ಲಿನ ಮುಳ್ಳನ್ನು ಒಂದೊಂದೇ ಬಿಡಿಸುತ್ತಿದ್ದ. "ನೀನು ಬೆರಳಿಟ್ಟು ಓದ್ತಿದ್ದೆ" ಅಂದ. "ಶಾಲೆ ಬಿಟ್ಟ ಮೇಲೆ ನೀನು ಇಂಗ್ಲಿಷ್ ಓದಿದ್ದು ನಾನು ಅವತ್ತೇ ನೋಡಿದ್ದು. ನಿನ್ನ ಶಾಲೆ ತಿಂದವ ನಾನು. ಓದಿದ್ದು ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ?"

"ಹಿಲ್ಲೂರಲ್ಲಾದ್ರೂ ಹೇಳಬಹುದಿತ್ತಲ್ಲ."

"ನಾನು ಸಂಜೆ ಎದ್ದು ಮನೆಗೆ ಬರುವವ. ನೀನು ಆ ಮನೆಯವಳು."

ನಾನು ಫೋನ್ ತೆಗೆದೆ. ಅತ್ತೆಯ ನಂಬರ್ ಒತ್ತುವುದನ್ನು ನೋಡಿ ದಾದಾ ಎದ್ದು ನಿಂತ. ಬೇಡ ಅಂತ ಎರಡೂ ಕೈ ಆಡಿಸಿದ. ಕೊಂಕಣಿಯಲ್ಲಿ ಬೈದ. ಕೊನೆಗೆ ನನಗೆ, "ಪ್ಲಾಟ್ಸ್!" ಅಂದ. ಫ್ರಿಜ್ ಮಲಗಿತು. ನಾನು ಮಲಗಲಿಲ್ಲ.

"ಅತ್ತೇ, ಹುಲಿನಾಯಿ ಅಂತ ಹುಟ್ಟಿಸಿದವಳು ನಾನು. ದಾದಾ ಅಲ್ಲ. ಬೇಡ ಅಂದರೂ ನಾನೇ ಅಂವನ್ನ ಅಲ್ಲಿಗೆ ಕರೆಸಿದ್ದು."

ಆ ಕಡೆ ಕೋಳಿ ಕೂಗುವುದು ಕೇಳಿಸಿತು. ಅತ್ತೆ ಅದನ್ನು ಹುಶ್ ಅಂತ ಓಡಿಸಿ ಕೇಳಿದರು.

"ಮದುವೆಯಲ್ಲಿ ಅಂವನ ಎಲೆಗೆ ಗರಿ ಇಟ್ಟಾಗ ನೀನು ಅಲ್ಲೇ ಬಡಿಸ್ತಾ ಇದ್ದೆ. ಅಲ್ಲವನೇ?"

"ಹೂಂ."

"ಫೋನ್ ಅಂವಗೆ ಕೊಡು."

ಕೊಟ್ಟೆ. ದಾದಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತೆ ಎದುರಿಗೇ ನಿಂತಿದ್ದಾರೆ ಅನ್ನುವ ಹಾಗೆ ಮುಂಡಿನ ಮಡಿಕೆ ಇಳಿಸಿಕೊಂಡು ನಿಂತ. "ಇಲ್ಲ ಅಮ್ಮಾ... ಹಾಂಗೇನಿಲ್ಲ ಅಮ್ಮಾ... ನೀವು ಹಾಗೆಲ್ಲ ಹೇಳಬಾರದು..." ಅಂದ. ಅವರು ಏನು ಹೇಳಿದರೋ, ಇಂದಿಗೂ ಅವನು ನನಗೆ ಹೇಳಿಲ್ಲ. ಫೋನ್ ಕೊಟ್ಟು ಬಾವಿಕಟ್ಟೆಗೆ ಹೋಗಿ ಮುಖ ತೊಳೆದ, ಆಗಷ್ಟೇ ಸ್ನಾನ ಮಾಡಿ ಬಂದಿದ್ದವನು. ಆಮೇಲೆ ಒಳಗೆ ಟ್ರಂಕು ತೆಗೆದ ಸದ್ದಾಯಿತು. ಒಂದು ಬಿಳಿ ಅಂಗಿ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತ. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು, ಮೈತುಂಬ ಮಡಿಕೆ.

"ಭಾನುವಾರ ಹಿಲ್ಲೂರಿಗೆ ಊಟಕ್ಕೆ ಬರಬೇಕಂತೆ. ಇದಕ್ಕೊಂದು ಇಸ್ತ್ರಿ ಹಾಕಿಕೊಡ್ತೀಯಾ ಗೋ ಬಾಯ?"

ವಯನಿ ಇಸ್ತ್ರಿಪೆಟ್ಟಿಗೆ ತಂದುಕೊಟ್ಟಳು. ಅಷ್ಟು ಒಣಗಿದ ಹತ್ತಿಯ ಅಂಗಿಗೆ ನೀರು ಚಿಮುಕಿಸದೆ ಮಡಿಕೆ ಹೋಗುವುದಿಲ್ಲ. ಅವಳು ನೀರಿನ ಬಟ್ಟಲನ್ನೂ ಪಕ್ಕದಲ್ಲಿಟ್ಟಳು. ಅದಕ್ಕೆ ನಾನು ಕೈ ಹಾಕಬೇಕಾಗಿ ಬರಲೇ ಇಲ್ಲ, ಆ ಕೆಲಸ ನನ್ನ ಕಣ್ಣೇ ಮಾಡಿತು.